ಹಾಳೆಯಲ್ಲಿ ಬರೆಯದೆ ಬಿಟ್ಟ ಅರಿದ್ಮಿಯಾ

ನನ್ನ ಎದೆಬಡಿತ ಮೊದಲ ಸಲ ತಪ್ಪಿದ್ದು ಚಿಕ್ಕವನ ಕೈಹಿಡಿದು ರಸ್ತೆ ದಾಟುವಾಗ. ಮೊಮ್ಮಕ್ಕಳೇ, ಇದನ್ನು ನಿಮಗಾಗಲಿ ನಿಮ್ಮ ಅಪ್ಪ ಅಮ್ಮನಿಗಾಗಲಿ ಆಗ ನಾನು ಹೇಳಲಿಲ್ಲ. ಆಮೇಲೆ ನಡೆದದ್ದರಲ್ಲಿ ಸ್ವಲ್ಪ ನಿಮಗೆ ಗೊತ್ತು, ಸ್ವಲ್ಪ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆದಿಡುತ್ತಿದ್ದೇನೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಬರೆಯುವುದಕ್ಕೆ ಮಾತ್ರ ಹೆದರಿಕೆಯಿಲ್ಲ.

ಬೊಮ್ಮಸಂದ್ರದ ನಮ್ಮ ಮನೆಯ ಬೆಳಗಿನ ಗಡಿಬಿಡಿಯನ್ನು ನಿಮಗೆ ಹೇಳಬೇಕಾಗಿಲ್ಲ. ದೊಡ್ಡವಳ ಸ್ಕೂಲ್ ಬಸ್ಸು ಏಳೂವರೆಗೆ ಗೇಟಿನೊಳಗೇ ಬರುತ್ತದೆ. ಎಂಟಕ್ಕೆ ನಿಮ್ಮಮ್ಮನ ಕಂಪನಿ ಬಸ್ಸು. ನಿಮ್ಮಪ್ಪನಿಗೆ ಒಂದೊಂದು ವಾರ ಒಂದೊಂದು ಶಿಫ್ಟು, ಬೆಳಿಗ್ಗೆ ಮನೆಯಲ್ಲಿದ್ದರೂ ದಣಿದು ಮಲಗಿರುತ್ತಾನೆ. ಚಿಕ್ಕವನ ವ್ಯಾನು ಎಂಟೂವರೆಗೆ, ಅದೂ ರಸ್ತೆಯ ಆಚೆ ಬದಿಗೆ. ನಡುವೆ ಡಿವೈಡರ್. ಎರಡೂ ಕಡೆ ಕಾರ್ಖಾನೆಯ ಬಸ್ಸುಗಳು, ಟೆಂಪೊಗಳು, ಹೊತ್ತಾಯಿತೆಂದು ಎದುರು ದಿಕ್ಕಿನಿಂದಲೇ ನುಗ್ಗುವ ಬೈಕುಗಳು. ಅದನ್ನೆಲ್ಲ ದಾಟಿಸಿ ಅವನನ್ನು ವ್ಯಾನು ಹತ್ತಿಸುವುದು ನನ್ನ ಕೆಲಸವಾಗಿತ್ತು. ನಾನಿಲ್ಲದೆ ಈ ಮನೆಯಲ್ಲಿ ನಡೆಯದ ಕೆಲಸ ಅದೊಂದೇ ಎಂದು ನಾನು ತಿಳಿದಿದ್ದೆ. ಬಟ್ಟೆಗೆ ಯಂತ್ರವಿದೆ, ನೆಲ ಒರೆಸಲು ಬರುವಾಕೆ ಇದ್ದಾಳೆ, ರೊಟ್ಟಿ ಬೇಕೆಂದರೆ ಕೆಳಗಿನ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಎಂಟರಿಂದ ಎಂಟೂವರೆಯವರೆಗೆ ಮಾತ್ರ ಮನೆಯಲ್ಲಿ ಕೈಗೆ ಸಿಗುವ ಹಿರಿಯರೆಂದರೆ ನಾನೊಬ್ಬಳೇ.

ಆ ದಿನ ಡಿವೈಡರ್ ಹತ್ತಿರ ಬಂದಾಗ ಎದೆಯೊಳಗೆ ಒಂದು ಬಡಿತ ಬರಬೇಕಾದಲ್ಲಿ ಬರಲಿಲ್ಲ. ಆಮೇಲೆ ಮೂರು ನಾಲ್ಕು ಒಟ್ಟಿಗೆ ಬಂದವು. ಹೊಸದಾಗಿ ರೊಟ್ಟಿ ಕಲಿಯುವ ಹುಡುಗಿಯ ಕೈ ಹೀಗೆಯೇ. ಎರಡು ಏಟು ಬಡಿದು ನಿಲ್ಲುತ್ತದೆ, ಅಂಚು ಒಡೆಯಿತೆಂದು ಗಾಬರಿಬಿದ್ದು ದಬದಬ ಬಡಿಯುತ್ತದೆ, ಮತ್ತೆ ನಿಲ್ಲುತ್ತದೆ. ಚಿಕ್ಕವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು "ಅಜ್ಜಿ, ನೋಯ್ತಿದೆ" ಎಂದ. ವ್ಯಾನು ಹತ್ತಿಸಿ ಬಂದೆ. ಅರ್ಧ ಗಂಟೆಯಲ್ಲಿ ಸರಿಯಾಯಿತು.

ಅದಾದ ಮೇಲೆ ಅದು ಆಗಾಗ ಬರತೊಡಗಿತು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಾಗಲೂ ಬರುತ್ತಿತ್ತು. ಯಾರಿಗೆ ಹೇಳುವುದು? ನಮ್ಮ ದಾವಣಗೆರೆ ಕಡೆಯ ಹಳ್ಳಿಯಲ್ಲಿ ಹೆಂಗಸರು ಕೈ ನೋವು, ಕಾಲು ನೋವು, ಸೊಂಟ ನೋವು ಎಂದು ಹೇಳಿಕೊಳ್ಳುತ್ತಿದ್ದರು. ಸೆರಗಿನ ಒಳಗಿನ ಯಾವ ನೋವನ್ನೂ ಹೆಸರಿಟ್ಟು ಹೇಳುತ್ತಿರಲಿಲ್ಲ. ನಮ್ಮಮ್ಮ "ಮೈ ಸರಿಯಿಲ್ಲ" ಎಂದರೆ ಅದರಲ್ಲಿ ಎಲ್ಲವೂ ಬರುತ್ತಿತ್ತು. ಹೆತ್ತ ಮಗನ ಮುಂದೆ "ನನ್ನ ಎದೆ ಹೀಗಾಗುತ್ತದೆ" ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕೇಳಿದವರಿಗೆಲ್ಲ ಗ್ಯಾಸು ಎಂದೆ. ಗ್ಯಾಸು ಮರ್ಯಾದೆಯ ಕಾಯಿಲೆ.

ಬಿ.ಪಿ. ಮಾತ್ರೆ ಬದಲಿಸಲು ನಿಮ್ಮಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದಳಲ್ಲ, ಆಗ ಸಿಕ್ಕಿಬಿದ್ದೆ. ಡಾಕ್ಟರು ಇನ್ನೂ ಹುಡುಗರು, ನಿಮ್ಮಪ್ಪನಿಗಿಂತ ಚಿಕ್ಕವರು. ನಾಡಿ ಹಿಡಿದವರು ಬಿಡಲೇ ಇಲ್ಲ.

"ಅಮ್ಮಾ, ಎದೆ ಹೊಡ್ಕೊಂಡ ಹಾಗೆ ಆಗುತ್ತಾ?"

ನಾನು ನೆಲ ನೋಡಿದೆ.

"ಅತ್ತೆ, ಕೇಳ್ತಿದಾರೆ, ಹೇಳಿ" ಎಂದಳು ನಿಮ್ಮಮ್ಮ.

"ಗ್ಯಾಸು" ಎಂದೆ.

ಡಾಕ್ಟರು ನಕ್ಕು, ನಿಮ್ಮಮ್ಮನ ಕಡೆ ತಿರುಗಿ, ಅರಿದ್ಮಿಯಾ ಇರಬಹುದು ಎಂದರು. ಬಡಿತದ ಲಯ ತಪ್ಪುವುದಕ್ಕೆ ಆ ಹೆಸರಂತೆ. ಆದರೆ ಈಗ ತೆಗೆದ ಇ.ಸಿ.ಜಿ.ಯಲ್ಲಿ ಸರಿಯಾಗಿ ಸಿಕ್ಕಿಲ್ಲ, ಒಂದು ಹಗಲು ಒಂದು ರಾತ್ರಿ ಯಂತ್ರ ಕಟ್ಟಿ ನೋಡಬೇಕು ಎಂದರು.

ಮನೆಗೆ ಬಂದ ಮೇಲೆ ಆ ಮಾತನ್ನು ನಾನು ಒಬ್ಬಳೇ ಹೇಳಿ ನೋಡಿದೆ. ಅದರಲ್ಲಿ ಎದೆ ಇರಲಿಲ್ಲ, ಮೈಯೇ ಇರಲಿಲ್ಲ. ಯಾರದೋ ಊರಿನ ಹೆಸರಿನಂತಿತ್ತು. ಇದನ್ನು ಮಗನ ಮುಂದೆ ಹೇಳಬಹುದು, ಲಿಫ್ಟಿನಲ್ಲಿ ಸಿಗುವ ಗಂಡಸರ ಮುಂದೆಯೂ ಹೇಳಬಹುದು. ಸಂಜೆ ದೊಡ್ಡವಳು ಟೀಚರಮ್ಮನಾಗಿ ಸೋಫಾದ ಮೇಲೆ ಕುಳಿತಳು.

"ಅಜ್ಜಿ, ಹೊಸ ಪದ ಕಲಿತ್ರೆ ಸ್ವಂತ ವಾಕ್ಯದಲ್ಲಿ ಬಳಸ್ಬೇಕು. ಐದು ವಾಕ್ಯ ಹೇಳು."

"ಐದಾ? ಅಷ್ಟು ಎಲ್ಲಿಂದ ತರ್ಲೆ?"

"ಹೋಮ್‌ವರ್ಕ್ ಮಾಡ್ದಿದ್ರೆ ಹೊರಗೆ ನಿಲ್ಲಿಸ್ತೀನಿ."

ನಾನು ಹೇಳಿದೆ. "ಇವತ್ತು ಹಾಲು ತರಲು ಹೋದಾಗ ನನಗೆ ಅರಿದ್ಮಿಯಾ ಬಂತು. ಅರಿದ್ಮಿಯಾ ಇದ್ದವರು ಚಹಾ ಕಡಿಮೆ ಕುಡಿಯಬೇಕು. ಮೂರನೇ ಮಹಡಿಯ ಅಜ್ಜನಿಗೂ ಅರಿದ್ಮಿಯಾ ಇರಬಹುದು, ಆದರೆ ಅವರಿಗೆ ಜಂಬ ಹೆಚ್ಚು, ಹೇಳುವುದಿಲ್ಲ." ಚಿಕ್ಕವನು ಬಿದ್ದು ಬಿದ್ದು ನಕ್ಕ. ಅವನೂ ಒಂದು ವಾಕ್ಯ ಮಾಡಿದ, "ನಮ್ಮ ಫ್ಯಾನಿಗೆ ಅರಿದ್ಮಿಯಾ." ನಿಜ, ನಡುಮನೆಯ ಆ ಫ್ಯಾನು ತಿರುಗುತ್ತಾ ತಿರುಗುತ್ತಾ ಒಂದೊಂದು ಸಲ ಕಟಕ್ ಎನ್ನುತ್ತಿತ್ತು. ನಿಮ್ಮಪ್ಪ ಬಂದವನು "ಏನಮ್ಮಾ, ಹೇಗಿದೀಯಾ?" ಎಂದಾಗ ನಾನು ತಲೆಯೆತ್ತಿ, "ಸ್ವಲ್ಪ ಅರಿದ್ಮಿಯಾ ಐತೆ ಕಣಪ್ಪ" ಎಂದೆ. ಹೇಳಿದ್ದು ನಾನೇನಾ ಎನಿಸಿತು.

ಆದರೆ ಹೇಳಿದ ಮಾತಿಗೆ ಫಲವಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಮರುದಿನ ಎಂಟಕ್ಕೆ ನಿಮ್ಮಮ್ಮ ಹೊರಡಲಿಲ್ಲ.

"ಬಸ್ಸು ಹೋಯ್ತಲ್ಲಮ್ಮ" ಎಂದೆ.

"ಹೋಗ್ಲಿ ಅತ್ತೆ. ನಾನೇ ಇವನ್ನ ದಾಟಿಸಿ ಸ್ಕೂಟರಲ್ಲಿ ಹೋಗ್ತೀನಿ. ರಿಪೋರ್ಟ್ ಬರೋವರೆಗೂ ನೀವು ರಸ್ತೆಗೆ ಇಳೀಬೇಡಿ. ಮಧ್ಯದಲ್ಲಿ ತಲೆ ಸುತ್ತಿದ್ರೆ?"

"ನಂಗೇನೂ ಆಗಲ್ಲ."

"ನಿಮಗೆ ಆಗೋದಿರ್ಲಿ, ಅವನ ಕೈ ನಿಮ್ಮ ಕೈಯಲ್ಲಿರುತ್ತಲ್ಲ."

ಯಂತ್ರ ಕಟ್ಟುವ ದಿನ ಸಿಕ್ಕಿದ್ದು ಹತ್ತು ದಿನದ ಮೇಲೆ. ಆ ಹತ್ತು ದಿನ ನಾನು ಕೂತಲ್ಲಿ ಕೂರಲಿಲ್ಲ. ಎಂಟೂವರೆಗೆ ಬಾಲ್ಕನಿಗೆ ಹೋಗುವುದು, ನಿಮ್ಮಮ್ಮ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ಅವನನ್ನು ದಾಟಿಸುವುದನ್ನು ನೋಡುವುದು, ಒಳಗೆ ಬಂದು ಆರಿದ ಬಟ್ಟೆಯನ್ನು ಮಡಿಸುವುದು, ಮಡಿಸಿದ್ದನ್ನು ಬಿಚ್ಚಿ ಇನ್ನೊಂದು ಥರ ಮಡಿಸುವುದು. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಎದುರು ಮನೆಯವರು "ವಾಕಿಂಗಾ ಆಂಟಿ?" ಎಂದು ಕೇಳುತ್ತಿದ್ದರು. ಕಂಪನಿಗೆ ದಿನವೂ ತಡವಾಗಿ ಹೋಗುತ್ತಿರುವುದಕ್ಕೆ ನಿಮ್ಮಮ್ಮ ಫೋನಿನಲ್ಲಿ ಯಾರಲ್ಲೋ ಕ್ಷಮೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನಿಂದ ಅನುಕೂಲವಾಗುತ್ತಿದ್ದ ಮನೆಗೆ ಈಗ ನನ್ನಿಂದಲೇ ತೊಂದರೆ. ರಿಪೋರ್ಟು ಚೆನ್ನಾಗಿ ಬರಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಸಂಜೆ ಆಸ್ಪತ್ರೆಯಲ್ಲಿ ಯಂತ್ರ ಕಟ್ಟಿದ ಹುಡುಗಿ ಧಾರವಾಡದ ಕಡೆಯವಳು. ಪರದೆ ಎಳೆದು, "ಅಜ್ಜಿ, ಕೊರಳಾಗಿಂದು ತಗೀಬೇಕ್ರಿ" ಎಂದಳು.

"ಅದು ಲಿಂಗವ್ವಾ, ತೆಗೆಯಂಗಿಲ್ಲ."

"ಗೊತ್ತೈತ್ರಿ. ನಮ್ಮವ್ವಾನೂ ಹಿಂಗ, ಸ್ಕ್ಯಾನಿಂಗಿಗೆ ಹೋದಾಗ ದೊಡ್ಡ ಗದ್ಲಾ ಮಾಡಿದ್ಲು. ರಟ್ಟಿಗೆ ಕಟ್ಕೋರಿ, ಎದಿ ಮ್ಯಾಲ ವೈರ್ ಅಂಟಸ್ಬೇಕು."

ಶಿವದಾರ ಬಿಚ್ಚಿ ಲಿಂಗವಿದ್ದ ಕರಡಿಗೆಯನ್ನು ರಟ್ಟೆಗೆ ಕಟ್ಟಿಕೊಂಡೆ. ಅವಳು ನಾಲ್ಕಾರು ಕಡೆ ಬಿಲ್ಲೆ ಅಂಟಿಸಿ, ತೀರ್ಥದ ಗಿಂಡಿಯಷ್ಟು ದೊಡ್ಡ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಗೆರೆ ಹಾಕಿದ ಒಂದು ಹಾಳೆ ಕೊಟ್ಟಳು.

"ದಿನಾ ಏನೇನ್ ಮಾಡ್ತೀರಿ ಅದನ್ನೆಲ್ಲಾ ಮಾಡ್ರಿ. ಸುಮ್ನ ಕುಂದ್ರಬ್ಯಾಡ್ರಿ. ಒಳಗ ಹೆಂಗರ ಆತು ಅಂದ್ರ ಟೈಮ್ ನೋಡಿ, ಏನ್ ಮಾಡ್ತಿದ್ರಿ ಅಂತ ಇದರಾಗ ಬರೀರಿ. ಮರೀಬ್ಯಾಡ್ರಿ ಮತ್ತ."

ಮನೆಗೆ ನೆಂಟರು ಬಂದರೆ ನಾವು ಏನು ಮಾಡುತ್ತೇವೆ? ಹಳೆಯ ಚಾದರ ಒಳಗೆ ಹಾಕುತ್ತೇವೆ, ಜಗಳ ನಿಲ್ಲಿಸುತ್ತೇವೆ, ದಿನ ಉಡುವುದನ್ನು ಬಿಟ್ಟು ಒಳ್ಳೆಯ ಸೀರೆ ಉಡುತ್ತೇವೆ. ನಾನು ಆ ಯಂತ್ರವನ್ನು ಹಾಗೆಯೇ ನಡೆಸಿಕೊಂಡೆ. ನನ್ನೊಳಗನ್ನು ನೋಡಲು ಬಂದಿದೆ, ಒಂದು ದಿನ ಚೆನ್ನಾಗಿ ಕಾಣಿಸಿಕೊಂಡು ಕಳಿಸಿಬಿಡೋಣ ಎಂದು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲಾರೆ. ರೊಟ್ಟಿ ಬಡಿದರೆ ಅರಿದ್ಮಿಯಾ ಬರುತ್ತದೆಂದು ಗೊತ್ತಿತ್ತು, ಮರುದಿನ ಬೆಳಿಗ್ಗೆ ಅವಲಕ್ಕಿ ತಿಂದೆ. ಮೆಟ್ಟಿಲು ಮುಟ್ಟಲಿಲ್ಲ. ಎಂಟೂವರೆಗೆ ಬಾಲ್ಕನಿಗೆ ಹೋಗಲಿಲ್ಲ, ಅಡುಗೆಮನೆಯ ಗೋಡೆ ನೋಡುತ್ತಾ ನಿಂತೆ. ಉಳಿದಂತೆ ಇಡೀ ದಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ. ಹಾಳೆಯಲ್ಲಿ ದುಂಡಗೆ ಬರೆದೆ: ಒಂಬತ್ತು ಗಂಟೆ, ಕುಳಿತಿದ್ದೇನೆ. ಹತ್ತು ಗಂಟೆ, ಕುಳಿತಿದ್ದೇನೆ. ಹನ್ನೊಂದು ಗಂಟೆ, ಕುಳಿತಿದ್ದೇನೆ. ಮಧ್ಯಾಹ್ನ ಮೂರರ ಸುಮಾರಿಗೆ ಎರಡು ಮೂರು ಸಲ ಬಡಿತ ತಪ್ಪಿತು. ಪೆನ್ನು ಕೈಯಲ್ಲೇ ಇತ್ತು. ಬರೆಯಲಿಲ್ಲ.

ದೊಡ್ಡವಳು ಶಾಲೆಯಿಂದ ಬಂದು ಹಾಳೆ ನೋಡಿದಳು.

"ಇದೇನಜ್ಜಿ, ಬರೀ ಕುಳಿತಿದ್ದೇನೆ ಕುಳಿತಿದ್ದೇನೆ! ಅರಿದ್ಮಿಯಾ ಎಲ್ಲಿ?"

"ಇವತ್ತು ಬರ್ಲಿಲ್ಲ."

"ಒಂದೂ?"

"ಒಂದೂ ಇಲ್ಲ. ನೀನು ಕೈಕಾಲು ತೊಳ್ಕೋ ಹೋಗು."

ದೊಡ್ಡವಳೇ, ನಿನಗೆ ಹೇಳಿದ ಸುಳ್ಳು ಅದು. ಕ್ಷಮಿಸು.

ನಾಲ್ಕು ದಿನಕ್ಕೆ ರಿಪೋರ್ಟು ಬಂತು. ಅಲ್ಲೊಂದು ಇಲ್ಲೊಂದು ಹೆಚ್ಚಿನ ಬಡಿತ ಬಿಟ್ಟರೆ ಏನಿಲ್ಲ, ಆ ಹೊತ್ತಿಗೆ ಹಾಳೆಯಲ್ಲೂ ಏನೂ ಬರೆದಿಲ್ಲ, ಅಂದರೆ ಇವರಿಗೆ ಗೊತ್ತೇ ಆಗಿಲ್ಲ, ಚಿಂತೆಯಿಲ್ಲ ಎಂದರು ಡಾಕ್ಟರು. ನಿಮ್ಮಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿದಳು. ಮರುದಿನದಿಂದ ಅವಳಿಗೆ ಎಂಟರ ಬಸ್ಸು, ನನಗೆ ಎಂಟೂವರೆಯ ವ್ಯಾನು.

ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಅರ್ಧ ರಸ್ತೆ ದಾಟಿದಾಗ ಬಂತು. ಈ ಸಲ ನಿಲ್ಲಲಿಲ್ಲ. ಬಡಿತಗಳು ಒಂದರ ಮೇಲೊಂದು ಬಿದ್ದವು, ಕಣ್ಣ ಮುಂದಿನ ಬಸ್ಸುಗಳ ಬಣ್ಣ ಬಿಳಿಚಿಕೊಂಡಿತು. ಡಿವೈಡರ್ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎರಡೂ ಕಡೆ ಬೈಕುಗಳು ಹಾರ್ನ್ ಹೊಡೆಯುತ್ತಾ ಹೋಗುತ್ತಿವೆ. ಚಿಕ್ಕವನ ಕೈಯನ್ನು ಹಿಡಿದುಕೊಂಡೇ ಇದ್ದೇನೆ ಎಂದು ನಾನು ತಿಳಿದಿದ್ದೆ. ಕಣ್ಣು ತಿಳಿಯಾದಾಗ ನೋಡಿದರೆ ನನ್ನ ಕೈ ಮಡಿಲಲ್ಲಿ ಖಾಲಿ ಬಿದ್ದಿತ್ತು. ಅವನು ನನ್ನ ಸೆರಗಿನ ತುದಿಯನ್ನು ತಾನೇ ಹಿಡಿದುಕೊಂಡು, ಇನ್ನೊಂದು ಕೈಯನ್ನು ಪೊಲೀಸರಂತೆ ಮೇಲೆತ್ತಿ ನಿಂತಿದ್ದ.

ಆಚೆ ಬದಿಯಿಂದ ವ್ಯಾನಿನ ಡ್ರೈವರು ಓಡಿಬಂದ.

"ಏನಾಯ್ತಜ್ಜಿ? ಸುಸ್ತಾ?"

"ಏನಿಲ್ಲಪ್ಪ, ಗ್ಯಾಸು" ಎಂದೆ. ಆಗಲೂ ಅದೇ ಬಾಯಿಗೆ ಬಂತು.

"ಗ್ಯಾಸ್ ಅಲ್ಲ ಅಂಕಲ್, ಅರಿದ್ಮಿಯಾ" ಎಂದ ಚಿಕ್ಕವನು. "ಅಜ್ಜಿಗೆ ನಾಚ್ಕೆ. ಅದಕ್ಕೆ ಹೇಳಲ್ಲ."

"ಹೌದೇನೋ ಡಾಕ್ಟ್ರೇ? ಒಂದ್ನೇ ಕ್ಲಾಸಲ್ಲಿ ಇದನ್ನೆಲ್ಲಾ ಹೇಳ್ಕೊಡ್ತಾರಾ?" ಎನ್ನುತ್ತಲೇ ಡ್ರೈವರು ಅವನನ್ನು ಎತ್ತಿ ವ್ಯಾನಿಗೆ ಹತ್ತಿಸಿ, ತಿರುಗಿ ಬಂದು, ನನ್ನ ತೋಳು ಹಿಡಿದು ಗೇಟಿನವರೆಗೆ ಬಿಟ್ಟ. ವ್ಯಾನಿನ ಕಿಟಕಿಯಿಂದ ಎಲ್ಲ ಮಕ್ಕಳೂ ನನ್ನನ್ನೇ ನೋಡುತ್ತಿದ್ದರು.

ಆ ಇಡೀ ದಿನ ಮನೆಯೊಳಗೆ ತಿರುಗಿದೆ. ಡ್ರೈವರು ಹೇಳಬಹುದು, ಹೇಳದೆ ಇರಬಹುದು. ಚಿಕ್ಕವನು ಸಂಜೆಯ ಹೊತ್ತಿಗೆ ಮರೆತಿರಬಹುದು. ಬಾಯಿ ಮುಚ್ಚಿಕೊಂಡರೆ ನಾಳೆಯೂ ವ್ಯಾನಿಗೆ ಹೋಗುವುದು ನಾನೇ. ಆದರೆ ಮಡಿಲಲ್ಲಿ ಬಿದ್ದಿದ್ದ ಆ ಕೈ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಬಿಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ.

ಸಂಜೆ ನಿಮ್ಮಮ್ಮ ಬಂದು ಬ್ಯಾಗು ಇಳಿಸುವ ಮೊದಲೇ ಹೇಳಿದೆ. ರಸ್ತೆಯದನ್ನು ಹೇಳಿದೆ, ಹಾಳೆಯದನ್ನೂ ಹೇಳಿದೆ. ಅವಲಕ್ಕಿಯನ್ನೂ ಬಿಡಲಿಲ್ಲ. ಅವಳು ನಿಂತೇ ಕೇಳಿದಳು. ಔಷಧ ಕಾರ್ಖಾನೆಯಲ್ಲಿ ಅವಳ ಕೆಲಸವೇ ಬರೆದದ್ದನ್ನು ಪರಿಶೀಲಿಸುವುದು. ಯಾವ ಹೊತ್ತಿಗೆ ಏನು ಮಾಡಿದರು, ಬರೆದದ್ದು ನಿಜವೇ ಎಂದು.

"ಅತ್ತೆ, ನಮ್ಮಲ್ಲಿ ಯಾರಾದ್ರೂ ಹೀಗೆ ಬರೆದ್ರೆ ಅದೇ ದಿನ ಮನೆಗೆ ಕಳಿಸ್ತಾರೆ."

"ನನ್ನೂ ಕಳಿಸು ಮತ್ತೆ" ಎಂದೆ. ನಗಿಸಲು ಹೇಳಿದ್ದು, ನಗು ಬರಲಿಲ್ಲ.

"ಮಾವನೂ ಹೀಗೇ ಗ್ಯಾಸ್ ಗ್ಯಾಸ್ ಅಂದ್ಕೊಂಡೇ ಹೋದ್ರಲ್ಲ ಅತ್ತೆ. ನೀವೇ ಜೀರಿಗೆ ನೀರು ಕೊಡ್ತಿದ್ರಿ, ನಾನೇ ನೋಡಿದೀನಿ."

ನಿಮ್ಮಜ್ಜ ತೀರಿಕೊಂಡ ಮೇಲೆ ಅವಳು ಅದನ್ನು ಎಂದೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಪಾತ್ರೆ ಇಲ್ಲಿಂದ ಅಲ್ಲಿಗೆ ಇಟ್ಟೆವು. ಆಮೇಲೆ ಅವಳು ಆಸ್ಪತ್ರೆಗೆ ಫೋನು ಮಾಡಿ ಇನ್ನೊಮ್ಮೆ ಯಂತ್ರ ಕಟ್ಟಲು ದಿನ ಕೇಳಿದಳು.

ಈ ಸಲ ಬರೆದ ಹಾಳೆಯ ಪ್ರತಿ ನನ್ನ ಹತ್ತಿರವಿದೆ. ಅದರಿಂದ ಇಲ್ಲಿ ಇಳಿಸಿದ್ದೇನೆ.

ಬೆಳಿಗ್ಗೆ ಆರೂ ನಲವತ್ತು. ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ರೊಟ್ಟಿಗೆ ಅರಿದ್ಮಿಯಾ. ತವದ ಮೇಲಿದ್ದದ್ದು ಸೀಯಿತು.

ಎಂಟೂ ಇಪ್ಪತ್ತೈದು. ಸೊಸೆ ಮಗುವನ್ನು ಕರೆದುಕೊಂಡು ಹೋದಳು. ಬಾಲ್ಕನಿಯಿಂದ ನೋಡಿದೆ. ಅವರು ಆಚೆ ಮುಟ್ಟುವವರೆಗೂ ಅರಿದ್ಮಿಯಾ.

ಹನ್ನೊಂದೂ ಹತ್ತು. ಲಿಫ್ಟು ಕೆಟ್ಟಿತ್ತು. ಎರಡು ಮಹಡಿ ಹತ್ತಿದಾಗ ಜೋರಾಗಿ ಅರಿದ್ಮಿಯಾ. ಮೆಟ್ಟಿಲ ಮೇಲೆ ಕುಳಿತೆ. ಮೇಲಿನ ಮನೆಯವರು ನೀರು ಕೊಟ್ಟರು. ಅರಿದ್ಮಿಯಾ ಎಂದು ಅವರಿಗೂ ಹೇಳಿದೆ.

ಸಂಜೆ ನಾಲ್ಕು. ಸುಮ್ಮನೆ ಕುಳಿತಿದ್ದೆ. ಅರಿದ್ಮಿಯಾ.

ಆ ಕೊನೆಯ ಸಾಲಿನ ಪಕ್ಕ, ನಿಮ್ಮಜ್ಜನನ್ನು ನೆನೆಯುತ್ತಿದ್ದೆ ಎಂದು ಬರೆದು, ಡಾಕ್ಟರು ಓದುತ್ತಾರಲ್ಲ ಎಂದು ನಾಚಿಕೆಯಾಗಿ, ಕಾಣದಂತೆ ಗೀಚಿ ಹಾಕಿದ್ದೆ. ಯಂತ್ರ ಮರಳಿಸಲು ಹೋಗುವಾಗ ಆಟೋದಲ್ಲಿ ನಿಮ್ಮಮ್ಮ ಹಾಳೆ ಓದಿದಳು.

"ಇದೇನತ್ತೆ, ಇಲ್ಲಿ ಗೀಚಿರೋದು?"

"ಬೇಡದ್ದು. ಹೊಡೆದುಹಾಕಿದೆ."

"ಹೀಗೆ ಹೊಡೀಬಾರ್ದು. ಒಂದೇ ಗೆರೆ ಎಳೀಬೇಕು, ಕೆಳಗಿಂದು ಕಾಣ್ಬೇಕು, ಪಕ್ಕದಲ್ಲಿ ಸಹಿ ಹಾಕ್ಬೇಕು. ಏನಿತ್ತು ಅಂತ ಮತ್ತೆ ಬರೀರಿ."

ಬ್ಯಾಗಿನಿಂದ ಪೆನ್ನು ತೆಗೆದುಕೊಟ್ಟಳು. ಆಟೋ ಕುಲುಕುತ್ತಿತ್ತು. ನಾನು ಮತ್ತೆ ಬರೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಅವಳು ಓದಿ, ಹಾಳೆಯನ್ನು ನಾಲ್ಕಾಗಿ ಮಡಿಸಿ, ಹೊರಗೆ ನೋಡುತ್ತಾ ಕುಳಿತಳು.

ಈ ಸಲ ಎಲ್ಲವೂ ಸಿಕ್ಕಿತು. ಹಾಳೆಯ ಹೊತ್ತಿಗೂ ಯಂತ್ರದ ಗೆರೆಗೂ ಹೊಂದಿಕೆಯಾಯಿತು. ಡಾಕ್ಟರು ಎರಡು ಮಾತ್ರೆ ಬರೆದರು. ಒಂದು ಬಡಿತಕ್ಕೆ, ಒಂದು ರಕ್ತ ಹೆಪ್ಪುಗಟ್ಟದ ಹಾಗೆ. ಅಡುಗೆ ಮಾಡಿ, ನಡೆಯಿರಿ, ಮೆಟ್ಟಿಲು ನಿಧಾನಕ್ಕೆ ಹತ್ತಿ, ರಸ್ತೆ ಮಾತ್ರ ಒಬ್ಬರೇ ದಾಟಬೇಡಿ, ಮಗುವನ್ನು ದಾಟಿಸಲೇಬೇಡಿ ಎಂದರು. ನಾನು ಹೂಂ ಎಂದೆ. ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಅದು ನಿಮಗೆ ನೆನಪಿರಬಹುದು.

ವ್ಯಾನು ನಮ್ಮ ಗೇಟಿಗೇ ಬರಲಿ ಎಂದು ನನ್ನನ್ನು ಕೇಳದೆಯೇ ನಿಮ್ಮಮ್ಮ ಡ್ರೈವರಿಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಸರ್ಕಲ್‌ವರೆಗೂ ಹೋಗಿ ತಿರುಗಿಸ್ಕೊಂಡು ಬರ್ಬೇಕು ಮೇಡಂ. ಬೇರೆ ಮಕ್ಳಿಗೆ ಲೇಟಾಗುತ್ತೆ."

"ಹತ್ತು ನಿಮಿಷ ಮುಂಚೆ ಬನ್ನಿ. ನಾವು ರೆಡಿ ಇರ್ತೀವಿ."

"ಅಜ್ಜೀನೇ ಬರ್ತಾರಾ ಕೆಳಗೆ?"

"ಹೂಂ. ಗೇಟ್‌ವರೆಗೂ ಅವರೇ."

"ಸರಿ ಬಿಡಿ, ಅಜ್ಜಿಗೋಸ್ಕರ. ಆದ್ರೆ ಎಂಟೂ ಇಪ್ಪತ್ತು ಅಂದ್ರೆ ಎಂಟೂ ಇಪ್ಪತ್ತು. ಒಂದ್ ನಿಮಿಷಾನೂ ಕಾಯಲ್ಲ, ಈಗ್ಲೇ ಹೇಳಿದೀನಿ."

ಹಾಗಾಗಿ ಈಗ ನನಗೆ ರಸ್ತೆಯಿಲ್ಲ, ಗೇಟು ಇದೆ. ದಾಟುವುದಕ್ಕೆ ಇದು ಸಮವಲ್ಲ ಎಂದು ಒಂದೊಂದು ದಿನ ಸಿಟ್ಟು ಬರುತ್ತದೆ. ಗೇಟಿನಲ್ಲಿ ನಿಂತಾಗಲೂ ಅರಿದ್ಮಿಯಾ ಬರುವುದುಂಟು. ಬಂದರೆ ವಾಚ್‌ಮನ್ನಿಗೆ ಹೇಳುತ್ತೇನೆ, ಅವನು ಕುರ್ಚಿ ಬಿಟ್ಟುಕೊಡುತ್ತಾನೆ, ಚಿಕ್ಕವನು ಪಕ್ಕದಲ್ಲಿ ನಿಲ್ಲುತ್ತಾನೆ.

ಇದನ್ನು ಬರೆಯುತ್ತಾ ಗಡಿಯಾರ ನೋಡಲಿಲ್ಲ. ಎಂಟೂ ಹನ್ನೆರಡು ಆಗಿದೆ. ಚಿಕ್ಕವನಿಗೆ ಒಂದು ಶೂ ಸಿಗುತ್ತಿಲ್ಲವಂತೆ, ಮಂಚದ ಕೆಳಗಿನಿಂದ ಕೂಗುತ್ತಿದ್ದಾನೆ. ಏಳುತ್ತೇನೆ.